ಅಗ್ನಿಶಿಖೆ: ಕಣ್ಣಿಗೆ ಹಬ್ಬ, ಹೊಟ್ಟೆಗೆ ವಿಷ

ಶ್ರಾವಣ ಮಾಸದಲ್ಲಿ ಹಾನಗಲ್ಲ, ಹಿರೇಕೆರೂರ ಕಡೆಯ ಅರೆಮಲೆನಾಡಿನ ಬೇಲಿಗಳನ್ನು ನೋಡುತ್ತ ಸಾಗಿದರೆ, ಹಸಿರಿನ ನಡುವೆ ದೀಪದ ಕುಡಿಗಳಂತೆ ಉರಿಯುವ ಹೂವೊಂದು ಕಾಣಸಿಗುತ್ತದೆ. ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಂತಿರುತ್ತವೆ. ಅರಳುವಾಗ ಹಸಿರು ಮಿಶ್ರಿತ ಹಳದಿ, ದಿನ ಕಳೆದಂತೆ ಕಿತ್ತಳೆ, ಕೊನೆಗೆ ಕಡುಗೆಂಪು. ಇದೇ ಅಗ್ನಿಶಿಖೆ. ಗೌರಿ ಹೂ, ಅಕ್ಕತಂಗಿ ಬಳ್ಳಿ, ಕೋಳಿಕುಟುಮ, ಶಿವಶಕ್ತಿ ಬಳ್ಳಿ ಎಂಬ ಹೆಸರುಗಳೂ ಇದಕ್ಕುಂಟು. ನೆರೆಯ ತಮಿಳುನಾಡಿಗೆ ಇದು ರಾಜ್ಯಪುಷ್ಪ. ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

2011ರಲ್ಲಿ ಜಾನಪದ ವಿಶ್ವವಿದ್ಯಾಲಯಕ್ಕೆ ನೆಲೆಯಾದ ನಮ್ಮ ಗೊಟಗೋಡಿಯ ಸುತ್ತಲಿನವರಿಗೆ ಜನಪದರ ಗಿಡಮೂಲಿಕೆ ಜ್ಞಾನದ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಜ್ಞಾನದ ಅರ್ಧ ಭಾಗ ಎಚ್ಚರಿಕೆಯೇ ಆಗಿತ್ತು. ‘ಇದು ಮದ್ದು’ ಎಂಬ ಮಾತು ಉಳಿದು, ‘ಇದು ವಿಷ’ ಎಂಬ ಮಾತು ಮರೆತುಹೋದರೆ ಅನಾಹುತವಾಗುತ್ತದೆ. ಆದ್ದರಿಂದ ಈ ಬಳ್ಳಿಯನ್ನು ಬೆಳೆಸುವ ಕ್ರಮವನ್ನೂ ಅದರಿಂದ ಕಾಪಾಡಿಕೊಳ್ಳುವ ಕ್ರಮವನ್ನೂ ಇಲ್ಲಿ ಒಟ್ಟಿಗೇ ತಿಳಿಯೋಣ.

ಬೆಳೆಸುವ ಕ್ರಮ

ಇದರ ಗಡ್ಡೆ ನೇಗಿಲಿನಂತೆ ಎರಡು ಕವಲಾಗಿ ಬಾಗಿರುತ್ತದೆ. ಸಂಸ್ಕೃತದ ‘ಲಾಂಗಲಿ’ ಎಂಬ ಹೆಸರಿಗೆ ಈ ಆಕಾರವೇ ಕಾರಣ. ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿರುವುದರಿಂದ ತುದಿ ಮುರಿದರೆ ಗಡ್ಡೆ ಚಿಗುರದು. ಮೇ ತಿಂಗಳ ಕೊನೆಯಲ್ಲಿ ಇಲ್ಲವೇ ಜೂನ್ ಆರಂಭದಲ್ಲಿ ಒಂದು ಅಡಿ ಆಳದ ಕುಂಡದಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಕೆಂಪು ಮಣ್ಣು, ಮರಳು, ಕೊಳೆತ ಸಗಣಿ ಗೊಬ್ಬರ ಸಮಪಾಲಿನಲ್ಲಿರಲಿ. ನೀರು ನಿಲ್ಲುವ ಎರೆಮಣ್ಣಿನಲ್ಲಿ ಗಡ್ಡೆ ಕೊಳೆಯುತ್ತದೆ.

ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವುದು ಈ ಬಳ್ಳಿಯ ವಿಶೇಷ. ಅದು ದಪ್ಪ ಕಂಬವನ್ನು ಹಿಡಿಯಲಾರದು. ತೆಳುವಾದ ಕಡ್ಡಿ, ತಂತಿ ಅಥವಾ ಬಲೆ ಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ತುಸು ನೆರಳು ಹಿತಕರ. ಮಳೆ ಬಿಡುವು ಕೊಟ್ಟಾಗ ಮಾತ್ರ ನೀರುಣಿಸಿದರೆ ಸಾಕು. ಎಲೆ ತಿನ್ನುವ ಹುಳುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ತೆಗೆಯಬೇಕು.

ಮಳೆಗಾಲ ಮುಗಿಯುತ್ತ ಬಂದಂತೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತೆಂದು ಕಿತ್ತೆಸೆಯಬಾರದು, ನೀರು ನಿಲ್ಲಿಸಿ ಕುಂಡವನ್ನು ಒಣಗಲು ಬಿಡಬೇಕು. ಗಡ್ಡೆ ನೆಲದೊಳಗೆ ವಿಶ್ರಮಿಸಿ ಮುಂದಿನ ಮುಂಗಾರಿಗೆ ಮತ್ತೆ ಚಿಗುರುತ್ತದೆ. ಬೀಜದಿಂದ ಬೆಳೆಸಿದರೆ ಹೂವಿಗಾಗಿ ಕೆಲವು ವರ್ಷ ಕಾಯಬೇಕಾಗುತ್ತದೆ.

ವಿಷದ ಬಗೆ

ಬೇರು, ಎಲೆ, ಹೂವು, ಬೀಜ ಹೀಗೆ ಬಳ್ಳಿಯ ಎಲ್ಲ ಭಾಗಗಳಲ್ಲಿಯೂ ಕೊಲ್ಚಿಸಿನ್ ಎಂಬ ವಿಷವಿದೆ. ಗಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಜೀವಕೋಶಗಳು ವಿಭಜನೆಗೊಳ್ಳುವುದನ್ನೇ ಅದು ತಡೆಯುತ್ತದೆ. ಇದೇ ವಸ್ತುವನ್ನು ವೈದ್ಯರು ಗೌಟ್ ಎಂಬ ಕೀಲುಬೇನೆಗೆ ಕೊಡುವುದುಂಟು. ಆದರೆ ಆ ಮಾತ್ರೆಯಲ್ಲಿರುವುದು 0.5 ಮಿಲಿಗ್ರಾಂ ಮಾತ್ರ. ಗಡ್ಡೆಯ ಒಂದು ತುಂಡಿನಲ್ಲಿ ಎಷ್ಟಿದೆಯೆಂದು ಕೈಯಿಂದ ತೂಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆಯುರ್ವೇದವೂ ಇದನ್ನು ಉಪವಿಷಗಳಲ್ಲಿ ಎಣಿಸಿ, ಶುದ್ಧೀಕರಿಸದೆ ಬಳಸಬಾರದೆಂದು ವಿಧಿಸಿದೆ.

ಗಡ್ಡೆಯನ್ನು ಗೆಣಸೆಂದು ತಿಳಿದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಬೇಯಿಸಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ. ಹೆರಿಗೆ ಸುಲಭವಾಗಲೆಂದೋ ಗರ್ಭ ಇಳಿಸಲೆಂದೋ ಇದನ್ನು ಬಳಸುವುದು ತಾಯಿಯ ಜೀವಕ್ಕೇ ಕುತ್ತು. ಹಾವು, ಚೇಳು ಕಚ್ಚಿದಾಗ ಗಡ್ಡೆ ಅರೆದು ಹಚ್ಚುತ್ತ ಕೂತರೆ ಆಸ್ಪತ್ರೆ ತಲುಪುವ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ, ದನಕರು ಬಾಯಿ ಹಾಕುವ ಜಾಗದಲ್ಲಿ ಈ ಬಳ್ಳಿ ಬೇಡ. ಅಂಥವರು ಮಲ್ಲಿಗೆ, ಜಾಜಿಗಳನ್ನು ಹಬ್ಬಿಸಿ ಸಂತೋಷಪಡಲಿ. ಬೆಳೆಸುವವರು ಕುಂಡದ ಮೇಲೆ ‘ವಿಷ’ ಎಂದು ಬರೆದಿಡಲಿ. ಗಡ್ಡೆಯನ್ನು ಗೆಣಸು, ಶುಂಠಿ, ಅರಿಸಿನದ ಜೊತೆ ಎಂದಿಗೂ ಇಡಬಾರದು. ಮುಟ್ಟುವಾಗ ಕೈಗವಸು ಇರಲಿ. ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಕಾಯಿ ಒಡೆದು ಕೆಂಪು ಬೀಜ ಉದುರುವ ಮೊದಲೇ ಕತ್ತರಿಸಿ ತೆಗೆಯಬೇಕು, ಏಕೆಂದರೆ ಆ ಬಣ್ಣ ಮಕ್ಕಳನ್ನು ಸೆಳೆಯುತ್ತದೆ.

ಭಕ್ತರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಚೆಲುವಾಗಿದೆಯೆಂದು ಈ ಹೂವನ್ನು ಪೂಜೆಗೆ ತಂದರೆ ಅದರ ಎಸಳು, ಪರಾಗ ಪಾದೋದಕಕ್ಕೋ ಪ್ರಸಾದಕ್ಕೋ ಬೀಳಬಹುದು. ಸೇವಿಸುವ ವಸ್ತುವಿನ ಬಳಿ ವಿಷಪುಷ್ಪ ಸುಳಿಯದಿರುವುದೇ ಲೇಸು. ಇದು ಬಳ್ಳಿಯ ಮೇಲೆಯೇ ಅರಳಿ ನಿಲ್ಲಲಿ.

ಅಕಸ್ಮಾತ್ ತಿಂದರೆ

ತಿಂದ ಕೂಡಲೇ ಏನೂ ಕಾಣಿಸದಿರಬಹುದು. ಕೆಲವು ಗಂಟೆಗಳ ನಂತರ ವಾಂತಿ, ಹೊಟ್ಟೆನೋವು, ತೀವ್ರ ಭೇದಿ ಶುರುವಾಗುತ್ತವೆ. ವಾಂತಿಭೇದಿ ನಿಂತಿತೆಂದು ಸಮಾಧಾನಪಡುವಂತಿಲ್ಲ. ಆನಂತರವೇ ಮೂತ್ರಪಿಂಡ, ಹೃದಯ, ರಕ್ತ ಕೆಡುವ ಸಂಭವವಿದೆ. ಆದ್ದರಿಂದ ಲಕ್ಷಣಗಳಿಗಾಗಿ ಕಾಯದೆ ತಕ್ಷಣ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ, ಹುಣಸೆನೀರು ಕೊಡುವುದು ಬೇಡ. ತಿಂದ ಗಡ್ಡೆಯ ಅಥವಾ ಎಲೆಯ ತುಂಡನ್ನು ಜೊತೆಗೆ ಒಯ್ದರೆ ವೈದ್ಯರಿಗೆ ವಿಷದ ಗುರುತು ಬೇಗ ಸಿಗುತ್ತದೆ.

ಬೆಂಕಿಯನ್ನು ನಾವು ಮನೆಯಿಂದ ಹೊರಹಾಕಿಲ್ಲ. ಒಲೆಯಲ್ಲಿ, ಹಣತೆಯಲ್ಲಿ ಅದಕ್ಕೆ ಸ್ಥಳ ಗೊತ್ತುಮಾಡಿದ್ದೇವೆ. ಅಗ್ನಿಯ ಹೆಸರನ್ನೇ ಹೊತ್ತ ಈ ಬಳ್ಳಿಗೂ ಹಾಗೆಯೇ ಅದರ ಸ್ಥಳ ಗೊತ್ತಿರಲಿ. ಅಂಗಳದ ಬೇಲಿಯಲ್ಲಿ ಅದು ಕಣ್ಣಿಗೆ ಹಬ್ಬವಾಗಲಿ. ಹೊಸಿಲು ದಾಟಿ ಅಡುಗೆಮನೆಗೆ ಬಾರದಿರಲಿ.