ಅಭ್ಯಾಸದ ಚೆಂಡುಗಳ ವಿಚಾರ

ವ್ಯಾಯಾಮದ ಪಾಠವು 40 ನಿಮಿಷಗಳದು. ತರಗತಿಯಲ್ಲಿ 40 ಮಂದಿ ಬಾಲಿಕೆಯರು. ಬಾಸ್ಕೆಟ್ ಬಾಲ್ ಆಟದ ಚೆಂಡು ಮಾತ್ರ ಒಂದೇ. ಹೀಗಿರುವಲ್ಲಿ ಒಬ್ಬೊಬ್ಬಳ ಕೈಗೆ ಚೆಂಡು ಎಷ್ಟು ಹೊತ್ತು ದೊರಕೀತೆಂಬುದನ್ನು ತಿಳಿಯಲು ಗಣಿತದ ಉಪಾಧ್ಯಾಯಿನಿಯವರನ್ನು ಕರೆಯಬೇಕಾದುದಿಲ್ಲ. ಒಂದು ನಿಮಿಷ. ಮಿಕ್ಕ 39 ನಿಮಿಷಗಳನ್ನು ಆಕೆಯು ಸಾಲಿನಲ್ಲಿ ನಿಂತು, ಮುಂದಿನವಳ ಜಡೆಯನ್ನು ನೋಡುತ್ತ ಕಳೆಯತಕ್ಕದ್ದು. "ಟೀಚರ್, ನನ್ನ ಪಾಳಿ ಬರೂದರಾಗ ಗಂಟಿ ಹೊಡಿತಾರ್ರಿ" ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ನನಗೆ ಹೇಳಿದಳು. ಅದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಶಾಲೆಯ ಆಟಗಳಿಗೆ ಏನನ್ನಾದರೂ ಕೊಡಬೇಕೆಂದು ಮನಸ್ಸು ಮಾಡಿದಾಗ, ಸಾಮಾನ್ಯವಾಗಿ ಹೆಸರು ಕೆತ್ತಿಸಿದ ಕಪ್ಪನ್ನೋ ಢಾಲನ್ನೋ ತರುತ್ತಾರೆ. ಅವರ ಪ್ರೀತಿಗೆ ನಾವು ಋಣಿಗಳು. ಆದರೆ ಕಪ್ಪು ಗಾಜಿನ ಕಪಾಟಿನೊಳಗೆ ಕುಳಿತಿರುವುದೇ ಹೊರತು ಯಾವ ಹುಡುಗಿಯ ಕೈಗೂ ಬರುವುದಿಲ್ಲ. ಅದೇ ಹಣದಲ್ಲಿ ಅಭ್ಯಾಸದ ಚೆಂಡುಗಳನ್ನು ಕೊಂಡರೆ ಪಾಳಿಯು ಬೇಗ ಬರುವುದು. ಎಂಥ ಚೆಂಡನ್ನು ಕೊಳ್ಳಬೇಕು, ಎಂಥದನ್ನು ಕೊಳ್ಳಬಾರದು ಎಂಬುದಷ್ಟನ್ನೇ ಇಲ್ಲಿ ವಿಚಾರಿಸುವೆನು.

ಈ ಆಟವು ಹುಟ್ಟಿದ್ದೇ ಮಿತವ್ಯಯದಲ್ಲಿ ಎಂಬುದನ್ನು ಮೊದಲು ನೆನೆಯೋಣ. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಹೋಗಲಾರದ ಯುವಕರಿಗಾಗಿ ಇದನ್ನು ಕಲ್ಪಿಸಿದರು. ಅವರಿಗೆ ಬೇರೆ ಚೆಂಡಿರಲಿಲ್ಲ, ಕಾಲ್ಚೆಂಡನ್ನೇ ಬಳಸಿದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಾಂಜನಕ್ಕೆ ಹೊಡೆಸಿದರು. ಆಟಕ್ಕೆ ಬುಟ್ಟಿಯ ಹೆಸರು ಬಂದುದು ಹೀಗೆ. ಮರುವರ್ಷವೇ, ಅಂದರೆ 1892ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸಿದರು. ಹೆಣ್ಣುಮಕ್ಕಳು ಈ ಆಟಕ್ಕೆ ಹಿಂದಿನಿಂದ ಬಂದು ಸೇರಿದವರಲ್ಲ. ನಮ್ಮ ದೇಶದಲ್ಲಿ ಹೆಚ್.ಸಿ. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣಶಾಲೆಯು ಇಂಥ ಆಟಗಳನ್ನು ಕಲಿಸಬಲ್ಲ ಶಿಕ್ಷಕರನ್ನು ತಯಾರಿಸಿತು.

ಇನ್ನು ಚೆಂಡಿನ ಅಳತೆ. ಇದರಲ್ಲಿಯೇ ದಾನಿಗಳು ಬಹಳವಾಗಿ ತಪ್ಪುವರು. ಅಂಗಡಿಯವನನ್ನು ಬರಿದೆ "ಬಾಸ್ಕೆಟ್ ಬಾಲ್ ಕೊಡಿ" ಎಂದು ಕೇಳಿದರೆ ಅವನು 7ನೆಯ ನಂಬರಿನದನ್ನು ಕೊಡುವ ಸಂಭವವೇ ಹೆಚ್ಚು. ಅದು ಗಂಡಸರ ಚೆಂಡು. ಸುತ್ತಳತೆ ಸುಮಾರು 75ರಿಂದ 77 ಸೆಂಟಿಮೀಟರು, ತೂಕ ಸುಮಾರು 600 ಗ್ರಾಮು. ಹೆಂಗಸರ ಚೆಂಡು 6ನೆಯ ನಂಬರಿನದು. ಸುತ್ತಳತೆ ಸುಮಾರು 72ರಿಂದ 73 ಸೆಂಟಿಮೀಟರು, ತೂಕ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು. 2004ರಿಂದ ಅಂತರರಾಷ್ಟ್ರೀಯ ನಿಯಮವೂ ಹೆಂಗಸರಿಗೆ ಇದನ್ನೇ ವಿಧಿಸಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ದೇಶದ ಮಹಿಳೆಯರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ, ಏಷ್ಯಾ ಕಪ್ಪಿನ ಬಿ ವಿಭಾಗದಿಂದ ಮೇಲಿನ ವಿಭಾಗಕ್ಕೆ ಏರಿದಾಗ ಆಡಿದ್ದೂ 6ನೆಯ ನಂಬರಿನ ಚೆಂಡಿನಿಂದಲೇ. ಎರಡು ಮೂರು ಸೆಂಟಿಮೀಟರುಗಳಲ್ಲೇನಿದೆ ಎಂದು ಕೇಳುವವರು 12 ವರ್ಷದ ಮಗಳ ಅಂಗೈಯನ್ನು ಬಿಡಿಸಿ ನೋಡಲಿ. ದೊಡ್ಡ ಚೆಂಡನ್ನು ಹಿಡಿಯಲಾರದ ಹುಡುಗಿಯು ಅದನ್ನು ಎದೆಗೆ ಅವಚಿಕೊಳ್ಳುವಳು, ಬೆರಳು ಉಳುಕಿಸಿಕೊಳ್ಳುವಳು, ಒಂದು ಕೈಯಿಂದ ಎಸೆಯಲಾರದೆ ಎರಡು ಕೈಗಳಿಂದ ನೂಕುವಳು. ಆಮೇಲೆ ಆ ರೂಢಿಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಐದು, ಆರು, ಏಳನೆಯ ತರಗತಿಗಳ ಚಿಕ್ಕವರಿಗೆ 5ನೆಯ ನಂಬರಿನದೇ ಯೋಗ್ಯ. ಅದರ ಸುತ್ತಳತೆ ಸುಮಾರು 69 ಸೆಂಟಿಮೀಟರು. ನಂಬರು ಅಳಿಸಿಹೋಗಿದ್ದರೆ ಒಂದು ದಾರವನ್ನು ಸುತ್ತಿ ಅಳೆದರಾಯಿತು.

ಚೆಂಡಿನ ಮೇಲುಹೊದಿಕೆಯು ಮೂರು ವಿಧದ್ದಾಗಿರುವುದು: ತೊಗಲು, ತೊಗಲನ್ನು ಹೋಲುವ ಕೃತಕ ವಸ್ತು, ರಬ್ಬರು. ತೊಗಲಿನದು ಅತ್ಯಂತ ಬೆಲೆಯುಳ್ಳದ್ದು, ಕೈಗೂ ಹಿತವಾದದ್ದು. ಆದರೆ ಅದು ಛಾವಣಿಯ ಕೆಳಗಣ ಮರದ ಹಾಸಿಗಾಗಿ ಮಾಡಿದ್ದು. ನಮ್ಮ ಹುಮನಾಬಾದಿನ ಸೀಮೆಯಲ್ಲಿ ಒಂದು ಕಡೆ ಕೆಂಪು ಗರಸು, ಇನ್ನೊಂದು ಕಡೆ ಎರೆಮಣ್ಣು. ಗರಸು ಅರದಂತೆ ಉಜ್ಜುವುದು. ಎರೆಯು ಮಳೆಗಾಲದಲ್ಲಿ ಅಂಟಿಕೊಂಡು ತೊಗಲಿನ ಹೊಲಿಗೆಯೊಳಗೆ ಸೇರುವುದು. ನಾನು ಬಲ್ಲ ಒಂದು ಶಾಲೆಗೆ ಮಹನೀಯರೊಬ್ಬರು ಒಳ್ಳೆಯ ತೊಗಲಿನ ಚೆಂಡೊಂದನ್ನು ಕೊಟ್ಟಿದ್ದರು. ಕೆಡಬಾರದೆಂಬ ಭಯದಿಂದ ಮೊದಲ ಆರು ತಿಂಗಳು ಅದು ಬೀಗದೊಳಗಿತ್ತು. ಹೊರಗೆ ತೆಗೆದ ಮೇಲೆ ಗರಸಿನ ಬಯಲಿನಲ್ಲಿ ಒಂದೇ ಮಳೆಗಾಲಕ್ಕೆ ಅದರ ಮೈ ಸುಲಿದು, ನೀರು ಕುಡಿದು, ಒಂದು ಪಕ್ಕಕ್ಕೆ ಉಬ್ಬಿತು. ಎರಡೂ ಅವಧಿಗಳಲ್ಲಿ ಹುಡುಗಿಯರಿಗೆ ಅದರಿಂದಾದ ಪ್ರಯೋಜನವು ಅಲ್ಪವೇ. ಮಣ್ಣಿನ ಮೇಲೂ ಸಿಮೆಂಟಿನ ಮೇಲೂ ತಾಳುವುದು ರಬ್ಬರಿನ ಚೆಂಡು. ಅದು ಕೈಗೆ ತುಸು ಗಟ್ಟಿ, ಧೂಳಾದಾಗ ಜಾರುವುದು ನಿಜ. ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿಹೋಗುವುದು.

ಬೆಲೆಯ ಲೆಕ್ಕವನ್ನು ಹೀಗೆ ಹಾಕೋಣ. ರಬ್ಬರಿನ ಚೆಂಡಿಗೆ 700 ರೂಪಾಯಿ, ತೊಗಲಿನದಕ್ಕೆ 3500 ರೂಪಾಯಿ ಎಂದಿಟ್ಟುಕೊಳ್ಳಿರಿ. ಒಂದರ ಹಣಕ್ಕೆ ಐದು ಬರುವವು. ಐದು ಚೆಂಡುಗಳಾದರೆ ಎಂಟು ಎಂಟು ಮಂದಿಯ ಐದು ಗುಂಪುಗಳಾಗುವವು. ಒಬ್ಬೊಬ್ಬಳಿಗೆ ದಿನಕ್ಕೆ ಒಂದು ನಿಮಿಷದ ಬದಲು ಐದು ನಿಮಿಷ. 30 ಪಾಠಗಳಾದ ಮೇಲೆ, ಒಂದು ಚೆಂಡಿನ ಶಾಲೆಯ ಹುಡುಗಿಯು ಒಟ್ಟು ಅರ್ಧ ಗಂಟೆ ಚೆಂಡನ್ನು ಮುಟ್ಟಿರುವಳು. ಐದು ಚೆಂಡುಗಳ ಶಾಲೆಯವಳು ಎರಡೂವರೆ ಗಂಟೆ. ಚೆಂಡಿನ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡದೆ ಈ ಗಂಟೆಗಳಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಪಂದ್ಯಕ್ಕೆ ಹೋಗುವ ತಂಡವಿದ್ದರೆ ನಾಲ್ಕು ರಬ್ಬರಿನವುಗಳ ಜೊತೆಗೆ ಕೃತಕ ಹೊದಿಕೆಯದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪಂದ್ಯದ ಚೆಂಡು ಕೈಗೆ ಬೇರೆಯಾಗಿ ತೋರುವುದರಿಂದ, ಹೋಗುವ ಮುನ್ನ ಎರಡು ವಾರ ಅದರಲ್ಲಿ ಅಭ್ಯಾಸ ಬೇಕು.

ಅಗ್ಗವೆಂದು ಏನನ್ನಾದರೂ ಕೊಳ್ಳಬಹುದೆಂದು ಇದರ ಅರ್ಥವಲ್ಲ. ವೀರಭದ್ರೇಶ್ವರ ಜಾತ್ರೆಯ ಅಂಗಡಿಗಳಲ್ಲಿ ತೂಗಹಾಕಿರುವ ಬಣ್ಣದ ಚೆಂಡುಗಳು ಮಕ್ಕಳ ಆಟಿಕೆಗಳು. ನಿಜವಾದ ಚೆಂಡಿನ ಒಳಗೆ ಗಾಳಿಯನ್ನು ಹಿಡಿಯುವ ರಬ್ಬರಿನ ಬ್ಲಾಡರು, ಅದರ ಸುತ್ತಲೂ ಎಲ್ಲ ದಿಕ್ಕುಗಳಲ್ಲಿ ಸುತ್ತಿದ ನೈಲಾನ್ ದಾರ, ಅದರ ಮೇಲೆ ಹೊದಿಕೆ ಇರುವವು. ಆಕಾರವನ್ನು ಕಾಯುವುದು ಆ ದಾರವೇ. ದಾರವಿಲ್ಲದ ಚೆಂಡು ಸ್ವಲ್ಪ ದಿನಗಳಲ್ಲಿ ಮೊಟ್ಟೆಯಾಗುವುದು. ಇದನ್ನು ಕೊಯ್ದು ನೋಡಲಾಗದಷ್ಟೆ. ಆದುದರಿಂದ ಚೆಂಡನ್ನು ಎರಡು ಕೈಗಳಿಂದ ತಿರುಗಿಸುತ್ತ ಮೇಲಕ್ಕೆ ಹಾರಿಸಿರಿ. ಕಪ್ಪು ಗೆರೆಗಳು ಓಲಾಡದೆ ತಿರುಗಿದರೆ ಅದು ದುಂಡಗಿದೆ. ಆ ಗೆರೆಗಳು ಬರಿಯ ಬಣ್ಣದವಾಗಿರದೆ ಬೆರಳು ಕೂರುವಷ್ಟು ಆಳವಾಗಿರಬೇಕು. ಮೈಮೇಲಣ ಕಾಳುಗಳು ಉಗುರಿಗೆ ಸ್ಪಷ್ಟವಾಗಿ ಸಿಗಬೇಕು. ಮತ್ತೊಂದು ಪರೀಕ್ಷೆಯು ಬಹುಕಾಲ ನಿಯಮದ ಪುಸ್ತಕಗಳಲ್ಲಿದ್ದದ್ದು: ಚೆಂಡಿನ ತಳವು ನೆಲದಿಂದ 1.80 ಮೀಟರಿನಲ್ಲಿರುವಂತೆ ಹಿಡಿದು ಬಿಟ್ಟರೆ, ಪುಟಿದಾಗ ಅದರ ನೆತ್ತಿಯು 1.20ರಿಂದ 1.40 ಮೀಟರಿನವರೆಗೆ ಏರಬೇಕು. ಇದನ್ನು ಮಣ್ಣಿನ ಮೇಲೆ ಮಾಡಿದರೆ ಫಲವಿಲ್ಲ. ಶಹಾಬಾದಿ ಕಲ್ಲು ಹಾಸಿದ ಪಡಸಾಲೆಯಲ್ಲಿ, ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿ ಮಾಡಬಹುದು. ಹುಡುಗಿಯರಿಗೆ ಇದು ಭೌತಶಾಸ್ತ್ರದ ಪಾಠವೂ ಹೌದು.

ಆಟದ ಸಾಮಾನುಗಳ ಉದ್ಯಮವು ನಮ್ಮ ದೇಶದಲ್ಲಿ ಮುಖ್ಯವಾಗಿ ಜಲಂಧರ್ ಮತ್ತು ಮೀರತ್ ಪಟ್ಟಣಗಳಲ್ಲಿದೆ. 1947ರ ದೇಶವಿಭಜನೆಯಲ್ಲಿ ಸಿಯಾಲ್ಕೋಟಿನಿಂದ ಮನೆಮಾರು ಬಿಟ್ಟು ಬಂದ ಕುಶಲಿಗಳು ಜಲಂಧರಿನಲ್ಲಿ ಈ ಕೆಲಸವನ್ನು ಮತ್ತೆ ಕಟ್ಟಿದರು. ನಮಗೆ ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳ ಅಂಗಡಿಗಳು ಹತ್ತಿರ. 2017ರಲ್ಲಿ ಬೀದರ-ಕಲಬುರಗಿ ರೈಲು ಆರಂಭವಾದ ಮೇಲೆ ಹುಮನಾಬಾದಿನಿಂದ ಹೋಗಿ, ಕೈಯಾರೆ ಪುಟಿಸಿ ನೋಡಿ, ಕೊಂಡು ತರುವುದು ಸುಲಭವಾಗಿದೆ. ನೋಡದೆ ತರಿಸಿಕೊಳ್ಳುವವರು ಮೊದಲು ಒಂದನ್ನು ಮಾತ್ರ ತರಿಸಿ ಒಂದು ತಿಂಗಳು ಆಡಿಸಿ ನೋಡಲಿ.

ಕೊಂಡ ಮೇಲಿನ ಜೋಪಾನವು ಕೊಳ್ಳುವುದಕ್ಕಿಂತ ಕಡಮೆಯದಲ್ಲ. ಚೆಂಡುಗಳು ಸವೆದು ಸಾಯುವುದಕ್ಕಿಂತ ಹೆಚ್ಚಾಗಿ ಗಾಳಿಯ ತೂತಿನಲ್ಲಿ ಸಾಯುವವು. ಒಣಸೂಜಿಯನ್ನು ಚುಚ್ಚಿದರೆ ಒಳಗಣ ರಬ್ಬರು ಹರಿಯುವುದು. ಸೂಜಿಗೆ ನೀರನ್ನೋ ಒಂದು ಹನಿ ಗ್ಲಿಸರಿನನ್ನೋ ಹಚ್ಚಿ ನೇರವಾಗಿ ಇಳಿಸಬೇಕು. ಎಷ್ಟು ಗಾಳಿ ಬೇಕೆಂಬುದು ತೂತಿನ ಬಳಿಯಲ್ಲೇ ಅಚ್ಚಾಗಿರುವುದು. ಸಾಧಾರಣವಾಗಿ ಚದರ ಅಂಗುಲಕ್ಕೆ 7ರಿಂದ 9 ಪೌಂಡು. ನಮ್ಮ ಬೇಸಗೆಯಲ್ಲಿ ಒಂದು ಎಚ್ಚರಿಕೆ ಬೇಕು. 20 ಡಿಗ್ರಿಯ ತಂಪಿನಲ್ಲಿ 8 ಪೌಂಡು ತುಂಬಿದ ಚೆಂಡು ಬಿಸಿಲಿನಲ್ಲಿ ಬಿದ್ದು 45 ಡಿಗ್ರಿಗೆ ಕಾಯ್ದರೆ, ಒಳಗಿನ ಒತ್ತಡವು ಹತ್ತರ ಸಮೀಪಕ್ಕೆ ಏರುವುದು. ಆಗ ಅದು ಕಲ್ಲಿನಂತಾಗಿ ಬೆರಳುಗಳನ್ನು ನೋಯಿಸುವುದು, ಅಂಟುಗಳೂ ಬಿಡುವವು. ಆದುದರಿಂದ ಪಾಠ ಮುಗಿದೊಡನೆ ನೆರಳಿಗೆ ತರತಕ್ಕದ್ದು. ಕಲೆ ತೆಗೆಯಲು ಸೀಮೆಎಣ್ಣೆಯನ್ನು ಮುಟ್ಟಿಸಲೇಬಾರದು, ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದು. ಚೆಂಡಿನ ಮೇಲೆ ಕುಳಿತು ಹರಟುವ ಅಭ್ಯಾಸವು ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಇತ್ತೆಂಬುದನ್ನು ನಾನು ಮರೆತಿಲ್ಲ.

ನಮ್ಮಲ್ಲಿ ಈಗ ಪ್ರತಿಯೊಂದು ಚೆಂಡಿಗೂ ಬಿಳಿಯ ಬಣ್ಣದಿಂದ ಅಂಕೆ ಬರೆದು, ಅಂಕೆಗೊಬ್ಬಳಂತೆ ಹುಡುಗಿಯನ್ನು ನೇಮಿಸಿದ್ದೇವೆ. ಬೆಳಿಗ್ಗೆ ಎಣಿಸಿ ತರುವವಳೂ ಸಂಜೆ ಒರೆಸಿ ಬಲೆಯ ಚೀಲಕ್ಕೆ ಹಾಕುವವಳೂ ಅವಳೇ. ಗಂಟೆಯ ವಿಷಯ ಹೇಳಿದ ಎಂಟನೆಯ ತರಗತಿಯ ಆ ಹುಡುಗಿಯ ಪಾಲಿಗೆ 3ನೆಯ ಚೆಂಡು ಬಂದಿದೆ.