‘ತೃಪ್ತ ಪರಮಾಣು’ ಎಂದು ಹೇಳಿ ಸಿಕ್ಕಿಬಿದ್ದ ಪಾಠ

ತರಗತಿ: 9
ಘಟಕ: ಪರಮಾಣುವಿನ ರಚನೆ
ಬೋಧನಾಂಶ: ಜಡಾನಿಲಗಳು ಏಕೆ ಸುಲಭವಾಗಿ ವರ್ತಿಸುವುದಿಲ್ಲ?

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಅತ್ತಿಗುಪ್ಪೆಯ ಒಂದು ಪ್ರೌಢಶಾಲೆ. ಈ ಪಾಠವನ್ನು ನಾನು ಕಲಿತ ಹಾಗೆಯೇ ಕಲಿಸಿದೆ: ‘ಹೊರಕವಚ ತುಂಬಿದೆ, ಪರಮಾಣು ತೃಪ್ತವಾಗಿದೆ, ಆದ್ದರಿಂದ ಯಾವುದರೊಂದಿಗೂ ಸೇರುವುದಿಲ್ಲ.’ ಕಪ್ಪುಹಲಗೆಯ ಮೇಲೆ ಆರ್ಗಾನ್‌ನ ವಿನ್ಯಾಸ 2, 8, 8 ಎಂದು ಬರೆದೆ.

ಹುಡುಗಿಯೊಬ್ಬಳು ಎದ್ದಳು. “ಮಿಸ್, ಮೂರನೇ ಕವಚ 18 ಹಿಡಿಯುತ್ತೆ ಅಂತ ನಿನ್ನೆ ಹೇಳಿದ್ರಿ. ಎಂಟಕ್ಕೇ ಹೇಗೆ ತುಂಬ್ತು?” ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂತು: “ನಮ್ಮಪ್ಪ ಕಾಮಾಕ್ಷಿಪಾಳ್ಯದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡ್ತಾರೆ. ನೈಟ್ರೋಜನ್ ಕೂಡ ಸುಲಭವಾಗಿ ಸೇರಲ್ಲ ಅಲ್ವಾ ಮಿಸ್? ಗಾಳೀಲಿ ಅದೇ ಜಾಸ್ತಿ. ಮತ್ತೆ ಆರ್ಗಾನ್ ಸಿಲಿಂಡರೇ ಯಾಕೆ?”

“ನಾಳೆ ಹೇಳುತ್ತೇನೆ” ಎಂದೆ. ನನ್ನ ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕಿ ಒಂದೇ ಸಾಲು ಬರೆದಿದ್ದರು: ‘ತೃಪ್ತಿ ಎಂಬುದು ಕಾರಣವೋ, ಬರಿಯ ಹೆಸರೋ?’

ಮರುದಿನ ಅಂಕಿಗಳಿಂದ ಆರಂಭಿಸಿದೆ. ಒಂದು ಮೋಲ್ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು ಬೇಕಾಗುವ ಶಕ್ತಿ, ಕಿಲೋಜೂಲ್‌ಗಳಲ್ಲಿ: ಸೋಡಿಯಂ 496, ಕ್ಲೋರಿನ್ 1251, ಆರ್ಗಾನ್ 1521, ಪೊಟ್ಯಾಸಿಯಂ 419. ಏರಿದ ಅಂಕಿ ಪೊಟ್ಯಾಸಿಯಂನಲ್ಲಿ ಒಮ್ಮೆಲೇ ಕುಸಿದದ್ದನ್ನು ಮಕ್ಕಳೇ ಗುರುತಿಸಿದರು.

ಸೋಡಿಯಂನಿಂದ ಆರ್ಗಾನ್‌ವರೆಗೆ ಹೊರ ಎಲೆಕ್ಟ್ರಾನ್‌ಗಳು ಅದೇ ಮೂರನೆಯ ಕವಚದಲ್ಲಿರುತ್ತವೆ. ನ್ಯೂಕ್ಲಿಯಸ್‌ನ ಆವೇಶ ಮಾತ್ರ 11ರಿಂದ 18ಕ್ಕೆ ಏರುವುದರಿಂದ ಹಿಡಿತ ಬಿಗಿಯಾಗುತ್ತದೆ. ಮೂರನೆಯ ಕವಚದಲ್ಲಿ ಇನ್ನೂ ಜಾಗವಿರುವುದು ನಿಜ. ಆದರೆ ಪೊಟ್ಯಾಸಿಯಂನ 19ನೆಯ ಎಲೆಕ್ಟ್ರಾನ್‌ಗೆ ಆ ಜಾಗಕ್ಕಿಂತ ನಾಲ್ಕನೆಯ ಕವಚದ ಮೊದಲ ಜಾಗವೇ ಕಡಿಮೆ ಶಕ್ತಿಯದು. ಹಾಗಾಗಿ ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳುವುದು ದುಬಾರಿ. ಹೊಸದನ್ನು ಸೇರಿಸಿದರೆ ಅದು ದೂರದ ಕವಚಕ್ಕೇ ಹೋಗಬೇಕು, ಅಲ್ಲಿ ಹಿಡಿತವಿಲ್ಲ. ಹಂಚಿಕೊಳ್ಳಲು ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನೂ ಇಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಕವಚ ಪೂರ್ತಿ ತುಂಬಿಲ್ಲ, ಬಂಧದಿಂದ ಲಾಭವಿಲ್ಲ, ಅಷ್ಟೆ.

ಎರಡನೆಯ ಪ್ರಶ್ನೆಗೆ ಬಂದೆ. ನೈಟ್ರೋಜನ್ ಸುಮ್ಮನಿರುವುದು ಬೇರೆ ಕಾರಣಕ್ಕೆ. ಅದರ ಎರಡು ಪರಮಾಣುಗಳ ನಡುವೆ ತ್ರಿಬಂಧವಿದೆ. ಅದನ್ನು ಒಡೆಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ವೆಲ್ಡಿಂಗ್ ಕಿಡಿಯ ಶಾಖದಲ್ಲಿ ಆ ಬಂಧ ಒಡೆಯುತ್ತದೆ. ಬಿಡಿ ನೈಟ್ರೋಜನ್ ಕರಗಿದ ಉಕ್ಕಿನೊಳಗೆ ಸೇರಿ, ತಣಿಯುವಾಗ ಬೆಸುಗೆಯಲ್ಲಿ ತೂತುಗಳನ್ನು ಉಳಿಸಬಲ್ಲದು. ಆರ್ಗಾನ್‌ನಲ್ಲಿ ಒಡೆಯಲು ಬಂಧವೇ ಇಲ್ಲ. ಆ ಶಾಖಕ್ಕೆ ಅದರ ಎಲೆಕ್ಟ್ರಾನ್ ಕಳಚಿದರೂ ತಣಿದಾಗ ಮರಳಿ ಸೇರಿ ಮತ್ತೆ ಆರ್ಗಾನ್ ಆಗುತ್ತದೆ. ಗಾಳಿಯಲ್ಲಿ ಅದು ಶೇಕಡ 0.93 ಮಾತ್ರ, ಆದರೂ ಬೇರ್ಪಡಿಸಿ ಸಿಲಿಂಡರಿಗೆ ತುಂಬುವುದು ಇದಕ್ಕೇ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಕೇಳಿದೆ: “ನಿಯಾನ್ 2081, ಕ್ಸೆನಾನ್ 1170. ಯಾವುದು ಮೊದಲು ಮಣಿದೀತು?” “ಕ್ಸೆನಾನ್, ಅದರ ಹೊರ ಎಲೆಕ್ಟ್ರಾನ್ ದೂರ ಇದೆ” ಎಂದರು. 1962ರಲ್ಲಿ ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನ್‌ನ ಸಂಯುಕ್ತ ತಯಾರಿಸಿದ್ದನ್ನು ಆಮೇಲೆ ಹೇಳಿದೆ. ಆಕ್ಸಿಜನ್ ಅಣುವಿನ ಎಲೆಕ್ಟ್ರಾನನ್ನು ಕಿತ್ತ ಪ್ಲಾಟಿನಂ ಹೆಕ್ಸಾಫ್ಲೋರೈಡ್, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬೇಡುವ ಕ್ಸೆನಾನ್‌ನೊಂದಿಗೂ ವರ್ತಿಸೀತು ಎಂಬುದು ಅವರ ತರ್ಕವಾಗಿತ್ತು. ನನ್ನ ಮೊದಲ ದಿನದ ವಿವರಣೆಯಲ್ಲಿ ಈ ಪ್ರಯೋಗಕ್ಕೆ ಜಾಗವೇ ಇರಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಅಷ್ಟಕ ನಿಯಮವನ್ನು ನೆನಪಿಗೆ ಸೂತ್ರವಾಗಿ ಕೊಡಿ, ಕಾರಣವಾಗಿ ಬೇಡ. ಪಾಠಯೋಜನೆಯಲ್ಲಿ ‘ತೃಪ್ತಿ’, ‘ಆಸೆ’ ಎಂದು ಬರೆದಲ್ಲೆಲ್ಲ ಪಕ್ಕದಲ್ಲಿ ಶಕ್ತಿಯ ಅಂಕಿಯೊಂದನ್ನು ಬರೆದುಕೊಳ್ಳಿ.