ಮನೆಮಂದಿಯೆಲ್ಲ ಒಟ್ಟಿಗೆ ಹೊರಡೋಣ

ಭಾನುವಾರ ಮಧ್ಯಾಹ್ನ. ಬಲಿಪೂಜೆ ಮುಗಿಸಿ ಬಂದು ಊಟವೂ ಆಗಿದೆ. ತಂದೆ ಮೊಬೈಲ್ ಹಿಡಿದು ಮಂಚದ ಮೇಲೆ ಒರಗಿದ್ದಾರೆ. ತಾಯಿ ಪಾತ್ರೆ ತೊಳೆದಿಟ್ಟು ಟಿ.ವಿ. ಮುಂದೆ ಕುಳಿತಿದ್ದಾರೆ. ಮಗ ಒಂದು ಕೋಣೆಯಲ್ಲಿ, ಮಗಳು ಇನ್ನೊಂದರಲ್ಲಿ. ಅಜ್ಜಿ ಜಗಲಿಯಲ್ಲಿ ಒಬ್ಬರೇ. ವಾರಕ್ಕೊಮ್ಮೆ ಐದೂ ಜನ ಒಂದೇ ಸೂರಿನಡಿ ಸಿಗುವ ದಿನವಿದು. ಆದರೂ ಯಾರೂ ಯಾರ ಜೊತೆಗೂ ಇಲ್ಲ. ಪ್ರಿಯ ಓದುಗರೇ, ಇದು ನಿಮ್ಮ ಮನೆಯ ಚಿತ್ರವೂ ಆಗಿರಬಹುದೇ?

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎಂಟು ವರ್ಷದ ಮಗುವಿಗೆ ಹದಿನೆಂಟು ತುಂಬುವವರೆಗೆ ಸಿಗುವ ಭಾನುವಾರಗಳು ಸುಮಾರು 520. ಅದರಲ್ಲಿ ಜಡಿಮಳೆಯ ದಿನಗಳನ್ನು, ಪರೀಕ್ಷೆಗಳನ್ನು, ಮದುವೆ ಮುಂಜಿಗಳನ್ನು, ಜ್ವರ ಶೀತಗಳನ್ನು ಕಳೆಯಿರಿ. ಉಳಿಯುವುದು ಎಷ್ಟು? ಆಮೇಲೆ ಮಕ್ಕಳು ಓದಿಗೆಂದು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುತ್ತಾರೆ, ಕೆಲಸಕ್ಕೆಂದು ಬೆಂಗಳೂರು ಸೇರುತ್ತಾರೆ. ಹಬ್ಬಕ್ಕೆ ಬಂದವರು ಮರುದಿನದ ಬಸ್ಸಿಗೆ ಹೊರಟು ನಿಲ್ಲುತ್ತಾರೆ. "ಮಕ್ಕಳು ನಮ್ಮ ಹತ್ತಿರ ಏನೂ ಹೇಳಿಕೊಳ್ಳುವುದಿಲ್ಲ" ಎಂದು ಆಗ ಕೊರಗಿ ಫಲವಿಲ್ಲ. ಹೇಳಿಕೊಳ್ಳುವ ರೂಢಿ ಬೆಳೆಯಬೇಕಾದದ್ದು ಈಗ.

ಎದುರುಬದುರು ಕೂರಿಸಿ "ಏನು ವಿಷಯ, ಹೇಳು" ಎಂದರೆ ಮಗು ಬಾಯಿ ಬಿಡುವುದಿಲ್ಲ. ಅದೇ ಮಗು ಅಪ್ಪನ ಪಕ್ಕದಲ್ಲಿ ಅರ್ಧ ಗಂಟೆ ನಡೆದರೆ ಶಾಲೆಯ ಮಾತು, ಗೆಳೆಯರ ಮಾತು, ಮನಸ್ಸಿನ ಭಯ ಎಲ್ಲವೂ ತಾನಾಗಿ ಹೊರಗೆ ಬರುತ್ತದೆ. ಕಾಲು ನಡೆಯುತ್ತಿರುವಾಗ ನಾಲಿಗೆ ಸಡಿಲವಾಗುತ್ತದೆ. ಇದನ್ನು ನೀವೇ ಪರೀಕ್ಷಿಸಿ ನೋಡಬಹುದು.

ದೂರ ಹೋಗಬೇಕಾಗಿಲ್ಲ

ಹೊರಗೆ ಹೋಗುವುದೆಂದರೆ ಬಾಡಿಗೆ ಗಾಡಿ, ಹೋಟೆಲ್ ಊಟ, ಫೋಟೋ ಎಂದು ನಾವು ತಿಳಿದಿದ್ದೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಆ ಖರ್ಚು ಬೇಕಿಲ್ಲ. ದೂರದೂರದವರು ಹಣ ತೆತ್ತು ನೋಡಲು ಬರುವುದು ನಮ್ಮ ಮನೆಯ ಹಿಂದೆಯೇ ಇದೆ.

ಅಘನಾಶಿನಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಮೂಲ ಶಿರಸಿ ಪಟ್ಟಣದ ಶಂಕರಹೊಂಡದಲ್ಲಿದೆ. ಅಲ್ಲಿಂದ ಹೊರಟ ನೀರು ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 120 ಕಿ.ಮೀ. ದಾರಿ. ಒಂದು ವರ್ಷದಲ್ಲಿ ಮೂರು ಭಾನುವಾರ ಸಾಕು: ಒಮ್ಮೆ ಹೊಂಡ, ಒಮ್ಮೆ ಜಲಪಾತ, ಒಮ್ಮೆ ಅಳಿವೆ. ನದಿ ಹುಟ್ಟಿ ಕಡಲು ಸೇರುವುದನ್ನು ತಂದೆತಾಯಿಯ ಜೊತೆ ಕಣ್ಣಾರೆ ಕಂಡ ಮಗು ಆ ಭೂಗೋಳದ ಪಾಠವನ್ನು ಮರೆಯುವುದುಂಟೇ? ಯಲ್ಲಾಪುರದವರಿಗೆ ಬೇಡ್ತಿ ಇದೆ. ಧಾರವಾಡದ ಕಡೆಯಿಂದ ಬಂದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅದು ಕಡಲು ಸೇರುತ್ತದೆ.

ಇನ್ನುಳಿದ ಭಾನುವಾರಗಳಿಗೆ ಊರಿನ ಕೆರೆಯ ಏರಿ, ಗದ್ದೆಯ ಬದು, ತೋಟದ ದಾರಿ ಸಾಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ನಾಟಿಯ ಗದ್ದೆ, ತೆನೆ ಬಾಗಿದ ಗದ್ದೆ, ಕೊಯ್ದ ಗದ್ದೆ, ಮೂರನ್ನೂ ಕಂಡ ಮಗುವಿಗೆ ಅನ್ನದ ಬೆಲೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

"ವಾರವಿಡೀ ತೋಟದಲ್ಲಿ ದುಡಿದು ಬರುತ್ತೇವೆ, ಭಾನುವಾರವೂ ನಡೆಯಬೇಕೇ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಣಿದವರು ನಡೆಯುವುದು ಬೇಡ. ಅಂಗಳದಲ್ಲಿ ಚಾಪೆ ಹಾಸಿ, ಚಹಾ ಮಾಡಿಕೊಂಡು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಳೆಗಾಲದ ಹೊಸ್ತಿಲಲ್ಲಿ ದೀಪ ಆರಿಸಿ ಕುಳಿತರೆ ಮಿಂಚುಹುಳಗಳೇ ಹಬ್ಬ ಮಾಡುತ್ತವೆ.

ಹೆಸರು ಹೇಳಿಕೊಡುವವರು ಯಾರು?

ಹೊರಡುವಾಗ ಅಜ್ಜ ಅಜ್ಜಿಯನ್ನು ಬಿಟ್ಟು ಹೋಗಬೇಡಿ. ಅವರ ನಡಿಗೆ ನಿಧಾನ, ನಿಜ. ಆದರೆ ಕವಳಿ ಹಣ್ಣು ಯಾವುದು, ಮುರುಗಲು ಯಾವುದು, ಕುಟುರ ಹಕ್ಕಿ ಎಲ್ಲಿ ಕೂಗುತ್ತಿದೆ, ಯಾವ ಅಪ್ಪೆಮಿಡಿ ಉಪ್ಪಿನಕಾಯಿಗೆ ಒಳ್ಳೆಯದು, ಇವನ್ನೆಲ್ಲ ಬಲ್ಲವರು ಅವರೇ. ಯಲ್ಲಾಪುರದ ಕಾಡಂಚಿನಲ್ಲಿ ಬಾಳುವ ಸಿದ್ದಿ ಸಮುದಾಯದ ಹಿರಿಯರಿಗೆ ಜೇನಿನ, ಗೆಡ್ಡೆಯ, ಬಳ್ಳಿಯ ವಿಷಯ ಬಾಯಿಪಾಠ. ಅಂಥವರು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ ಒಂದು ಸಂಜೆ ಮಕ್ಕಳೊಡನೆ ಅವರ ಮನೆಗೆ ಹೋಗಿ ಬನ್ನಿ. ಈ ಹೆಸರುಗಳು ಎಷ್ಟೋ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಕೇಳಿ ಕಲಿಯುವವರಿಲ್ಲದಿದ್ದರೆ ಅವರೊಂದಿಗೇ ಮಣ್ಣಾಗುತ್ತವೆ.

ಹೆಸರು ಬಲ್ಲವನಿಗೆ ಮರದ ಮೇಲೆ ಅಕ್ಕರೆ ಇರುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲಕಣಿ ಸುತ್ತಿನ ಜನ ಕಾಡಿಗೆ ನಡೆದುಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಸೊಪ್ಪಿಗೆ, ಹಣ್ಣಿಗೆ, ಜೇನಿಗೆ ಎಂದು ಚಿಕ್ಕಂದಿನಿಂದ ಅದೇ ಕಾಡಿನಲ್ಲಿ ಓಡಾಡಿ ಬೆಳೆದವರು ಅವರು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೇಳಿದ್ದೂ ಇದನ್ನೇ: ಸುತ್ತಲಿನ ಜೀವಿಗಳನ್ನು ಗೌರವಿಸುವ ಮೊದಲ ಪಾಠ ನಡೆಯುವುದು ಕುಟುಂಬದಲ್ಲಿ.

ಶಾಲ್ಮಲೆಯ ದಂಡೆಯ ಸಹಸ್ರಲಿಂಗದಂಥ ಕಡೆ ಹೋದಾಗ ಇನ್ನೊಂದು ಪಾಠವೂ ಇದೆ. ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನಮ್ಮ ನೆರೆಯವರಿಗೆ ಪೂಜ್ಯವಾದವು. ಅವುಗಳ ಮೇಲೆ ಕಾಲಿಡದಿರುವುದನ್ನು, ತಿಂಡಿಯ ಕಸ ಬಿಸಾಡದಿರುವುದನ್ನು ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯಬೇಕು.

ನೀರಿನ ಬಳಿ ಎಚ್ಚರ

2023ರ ಡಿಸೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಶಾಲ್ಮಲಾ ನದಿಯಲ್ಲಿ, ಒಟ್ಟಿಗೆ ಹೋಗಿದ್ದ ಬಂಧುಗಳಲ್ಲಿ ಐವರು ನೀರುಪಾಲಾದರು. ಅದು ಮಳೆಗಾಲವಲ್ಲ. ಮೇಲೆ ಶಾಂತವಾಗಿ ಕಾಣುವ ನಮ್ಮ ಹೊಳೆಗಳಲ್ಲಿ ಬಂಡೆಗಳ ನಡುವೆ ಆಳವಾದ ಗುಂಡಿಗಳಿರುತ್ತವೆ, ಪಾಚಿಯ ಕಲ್ಲು ಜಾರುತ್ತದೆ. ಇಂಥ ಅವಘಡಗಳಲ್ಲಿ ಒಬ್ಬರು ಜಾರಿದಾಗ ಅವರನ್ನು ಉಳಿಸಲೆಂದು ಈಜು ಬಾರದವರೂ ಒಬ್ಬೊಬ್ಬರಾಗಿ ಧುಮುಕಿಬಿಡುತ್ತಾರೆ. ಪ್ರೀತಿಯೇ ಅವರನ್ನು ನೀರಿಗೆ ಎಳೆಯುತ್ತದೆ.

ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಗುರುತಿಲ್ಲದ ನೀರಿಗೆ ಯಾರೂ ಇಳಿಯಬಾರದು. ಊರಿನವರು ಬೇಡವೆಂದ ಕಡೆ ಹೋಗಬಾರದು. ಚೀಲದಲ್ಲಿ ಒಂದು ಗಟ್ಟಿ ಹಗ್ಗ ಇರಲಿ. ಯಾರಾದರೂ ಬಿದ್ದರೆ ದಡದಿಂದಲೇ ಹಗ್ಗ, ಸೀರೆ ಅಥವಾ ಉದ್ದನೆಯ ಕೋಲು ಚಾಚಬೇಕು, ಕೂಗಿ ಜನರನ್ನು ಕರೆಯಬೇಕು. ಮಳೆಗಾಲದಲ್ಲಿ ಜಲಪಾತವನ್ನು ದೂರದಿಂದಲೇ ನೋಡಬೇಕು.

ಕಾಲ ನೋಡಿ ಹೊರಡಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ನಮ್ಮಿಂದ ದೂರದ್ದಲ್ಲ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೂ ಅದು ಕಾಣಿಸಿಕೊಂಡಿತ್ತು. ಉಣುಗು ಕಚ್ಚುವುದರಿಂದ ಬರುವ ಈ ಜ್ವರದ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕಾಡಿನ ಒಳಗೆ, ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ರಸ್ತೆಯ ಬದಿ, ಬಯಲು, ಅಂಗಳ ಸಾಕು. ಮೈತುಂಬ ಬಟ್ಟೆ ತೊಡಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಮೈಯೆಲ್ಲ ನೋಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನ ತಿರುಗಾಟಕ್ಕೆ ಮಳೆ ಇಳಿದ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಹಳ್ಳದಲ್ಲಿ ನೀರಿರುತ್ತದೆ, ಉಂಬಳದ ಕಾಟವೂ ಕಡಿಮೆ.

ಬರುವ ಭಾನುವಾರ ದೊಡ್ಡ ಯೋಜನೆ ಏನೂ ಬೇಡ. ಸಂಜೆ ನಾಲ್ಕೂವರೆಗೆ ಮೊಬೈಲ್‌ಗಳನ್ನು ಕಪಾಟಿನಲ್ಲಿಡಿ. ತುರ್ತಿಗೆಂದು ಒಂದು ಮಾತ್ರ ಚೀಲದಲ್ಲಿರಲಿ. ಅವಲಕ್ಕಿ ಕಲಸಿ ಡಬ್ಬಿ ತುಂಬಿಕೊಳ್ಳಿ. ಜಗಲಿಯಲ್ಲಿರುವ ಅಜ್ಜಿಯ ಕೈ ಹಿಡಿದು ಎಬ್ಬಿಸಿ. ಕತ್ತಲಾಗುವ ಮೊದಲು ಹಿಂದಿರುಗಿ ಬಂದು, ಆ ದಿನ ಕಂಡದ್ದಕ್ಕೆಲ್ಲ ಪ್ರಾರ್ಥನೆಯ ಹೊತ್ತಿನಲ್ಲಿ ಒಂದೊಂದಾಗಿ ಕೃತಜ್ಞತೆ ಹೇಳಿ.

ಮನೆಯಲ್ಲಿ ಮಾತಾಡಿಕೊಳ್ಳಲು

1. ನಾವೆಲ್ಲ ಒಟ್ಟಿಗೆ ಮನೆಯಿಂದ ಹೊರಗೆ ಕೊನೆಯ ಸಲ ಕುಳಿತದ್ದು ಯಾವಾಗ?

2. ನಮ್ಮ ಮನೆಯ ಸುತ್ತಲಿನ ಹತ್ತು ಗಿಡಮರಗಳ ಹೆಸರು ಮಕ್ಕಳಿಗೆ ಗೊತ್ತೇ? ನಮಗೆ ಗೊತ್ತೇ?

3. ನೀರಿನ ಬಳಿ ನಮ್ಮ ಮನೆಯವರು ಪಾಲಿಸುವ ನಿಯಮಗಳು ಯಾವುವು?